ಹಿಂದಿನ ಬೆಂಚು ಬಿಟ್ಟು ಈಚೆ ಬಾ

ಬಿ.ಎಡ್. ಕಾಲೇಜಿಗೆ ಸಹಾಯಕ ಪ್ರಾಧ್ಯಾಪಕಿಯಾಗಿ ಸೇರುತ್ತಿದ್ದೀಯ. ಭೌತವಿಜ್ಞಾನದಲ್ಲಿ ಎಂ.ಎಸ್ಸಿ., ಅದರ ಮೇಲೆ ಎಂ.ಎಡ್., ಕೆ-ಸೆಟ್, ಮುಗಿಯುತ್ತ ಬಂದಿರುವ ಪಿಎಚ್.ಡಿ. ಆಯ್ಕೆ ಸಮಿತಿ ಕೇಳಿದ್ದೆಲ್ಲ ನಿನ್ನ ಕೈಲಿತ್ತು. ಅವರು ಕೇಳದೆ ಬಿಟ್ಟದ್ದು ಒಂದಿದೆ, ಅದನ್ನು ನಿನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಮೊದಲ ತಿಂಗಳೊಳಗೇ ಯಾರಾದರೊಬ್ಬ ಎದ್ದು ನಿಂತು, ‘ಮೇಡಂ, ನೀವು ಹೈಸ್ಕೂಲಲ್ಲಿ ಎಷ್ಟು ವರ್ಷ ಪಾಠ ಮಾಡಿದ್ರಿ?’ ಅನ್ನುತ್ತಾನೆ. ಕೆಣಕುವುದಕ್ಕಲ್ಲ. ಇನ್ನು ಕೆಲವೇ ವಾರಗಳಲ್ಲಿ ಅವನು ನಲವತ್ತು ಮಕ್ಕಳ ಎದುರು ನಿಲ್ಲಬೇಕು, ಹೊಟ್ಟೆಯೊಳಗೆ ನಡುಕವಿದೆ, ಆ ನಡುಕ ಗೊತ್ತಿರುವವರು ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತಿದ್ದಾನೆ.

‘ಇಲ್ಲಪ್ಪ, ನನ್ನ ಬಿ.ಎಡ್.ನಲ್ಲಿ ಕೊಟ್ಟ ಅಭ್ಯಾಸ ಪಾಠಗಳಷ್ಟೇ’ ಎಂದು ನೇರವಾಗಿ ಹೇಳಿಬಿಡು. ಅದರಿಂದ ಮರ್ಯಾದೆ ಹೋಗುವುದಿಲ್ಲ. ಆದರೆ ಐದು ವರ್ಷ ಕಳೆದ ಮೇಲೂ ಅದೇ ಉತ್ತರ ಹೇಳುವಂತಾದರೆ ಹೋಗುತ್ತದೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಆಮೇಲೆ ತರಬೇತಿ ಕಾಲೇಜಿಗೆ ಬಂದವನು. ಎರಡೂ ಕಡೆಯ ಗಾಳಿ ಕುಡಿದು ನಿವೃತ್ತನಾದ ಮೇಲೆ ನಿನ್ನಂಥವರಿಗೆ ಹೇಳಬೇಕೆನಿಸುವುದು ಒಂದೇ ಮಾತು. ಶಿಕ್ಷಕರನ್ನು ತಯಾರು ಮಾಡುವವರ ಪರಿಣತಿ ಕಾಲೇಜಿನ ಕಟ್ಟಡದಲ್ಲಿ ಹುಟ್ಟುವುದಿಲ್ಲ, ಶಾಲೆಯ ತರಗತಿಯಲ್ಲಿ ಹುಟ್ಟುತ್ತದೆ. ಹೋಗಿ ತುಂಬಿಸಿಕೊಳ್ಳದಿದ್ದರೆ ಕೆಲವೇ ವರ್ಷಗಳಲ್ಲಿ ಬರಿದಾಗುತ್ತದೆ. ಪದವಿಗಳು ಗೋಡೆಯ ಮೇಲೆ ಇದ್ದಲ್ಲೇ ಇರುತ್ತವೆ.

ಪರಿಣತಿ ಎಂದರೆ ಏನು ಎನ್ನುವುದರಲ್ಲೇ ನಮ್ಮ ಕಾಲೇಜುಗಳಿಗೆ ಗೊಂದಲ. ಒಂದು ಗುಂಪು ‘ವಿಷಯ ಗೊತ್ತಿದ್ದರೆ ಸಾಕು, ಪಾಠ ತಾನಾಗಿ ಬರುತ್ತದೆ’ ಅನ್ನುತ್ತದೆ. ಇನ್ನೊಂದು ಗುಂಪು ‘ಬೋಧನಾ ವಿಧಾನ ಗೊತ್ತಿದ್ದರೆ ಯಾವ ವಿಷಯವನ್ನಾದರೂ ಕಲಿಸಬಹುದು’ ಅನ್ನುತ್ತದೆ. ಸ್ಟಾನ್‌ಫರ್ಡಿನ ಲೀ ಶುಲ್ಮನ್ 1986ರಲ್ಲಿ ಈ ಎರಡರ ನಡುವಿನ ಜಾಗಕ್ಕೆ ಬೆರಳಿಟ್ಟರು. ಒಂದು ವಿಷಯವನ್ನು ಕಲಿಸುವವನಿಗೆ ಮಾತ್ರ ಬೇಕಾಗುವ ಒಂದು ಬಗೆಯ ತಿಳಿವಳಿಕೆ ಇದೆ, ಅದು ಆ ವಿಷಯದ ಪಂಡಿತನಿಗೂ ಇರಬೇಕಿಲ್ಲ, ಸಾಮಾನ್ಯ ಬೋಧನಾಶಾಸ್ತ್ರ ಓದಿದವನಿಗೂ ಇರಬೇಕಿಲ್ಲ ಎಂದರು. ಯಾವ ಉದಾಹರಣೆ ಯಾವ ವಯಸ್ಸಿಗೆ ನಿಲುಕುತ್ತದೆ, ಮಗು ಎಲ್ಲಿ ಎಡವುತ್ತದೆ, ಎಡವಿದ್ದಕ್ಕೆ ಅದರದೇ ಆದ ಕಾರಣವೇನು, ಇವೆಲ್ಲ ಆ ತಿಳಿವಳಿಕೆ. ಎಂ.ಎಡ್.ನಲ್ಲಿ ಶುಲ್ಮನ್ ಹೆಸರನ್ನು ನೀನು ಐದು ಅಂಕದ ಟಿಪ್ಪಣಿಯಾಗಿ ಬರೆದಿರುತ್ತೀಯ. ಈಗ ಅದು ನಿನ್ನ ಕಸುಬು.

ಒಂದು ಲೆಕ್ಕ ನೋಡು. ಮೂರನೇ ತರಗತಿಯ ಮಗು 52ರಿಂದ 27 ಕಳೆದು 35 ಎಂದು ಬರೆದಿದೆ. ಎಂ.ಎಸ್ಸಿ. ಆದವನು ತಪ್ಪು ಎಂದು ಕೆಂಪು ಗೀರು ಎಳೆಯುತ್ತಾನೆ. ಬಿ.ಎಡ್. ಪುಸ್ತಕ ಓದಿದವನು ‘ಹೆಚ್ಚಿನ ಅಭ್ಯಾಸ ಅಗತ್ಯ’ ಎಂದು ಬರೆದು ಅದೇ ಬಗೆಯ ಇನ್ನೂ ಹತ್ತು ಲೆಕ್ಕ ಕೊಡುತ್ತಾನೆ. ಮಗು ಹತ್ತನ್ನೂ ಅದೇ ರೀತಿ ತಪ್ಪಾಗಿ ಮಾಡುತ್ತದೆ, ಅಂದರೆ ಅಭ್ಯಾಸವಾದದ್ದು ತಪ್ಪಿಗೆ. ಮಕ್ಕಳ ನೋಟ್‌ಬುಕ್ ನೋಡಿ ಪಳಗಿದವನು ಮಾತ್ರ, 81ರಿಂದ 46 ಕಳೆಯಲು ಹೇಳಿದರೆ ಈ ಮಗು 45 ಎಂದು ಬರೆಯುತ್ತದೆ ಎಂದು ಮೊದಲೇ ಹೇಳಬಲ್ಲ. 68ರಿಂದ 25 ಕಳೆಯಲು ಕೊಟ್ಟರೆ 43 ಎಂದು ಸರಿಯಾಗಿಯೇ ಬರೆಯುತ್ತದೆ ಎಂದೂ ಹೇಳಬಲ್ಲ. ಏಕೆಂದರೆ ಮಗು ಗೀಚುತ್ತಿಲ್ಲ, ಒಂದು ನಿಯಮ ಪಾಲಿಸುತ್ತಿದೆ: ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆ, ಯಾವುದು ಮೇಲಿದೆ ಯಾವುದು ಕೆಳಗಿದೆ ಎಂದು ನೋಡಬೇಡ. ಆ ನಿಯಮವನ್ನು ಕೊಟ್ಟವರು ನಾವೇ. ಒಂದನೇ ತರಗತಿಯಲ್ಲಿ ‘ಚಿಕ್ಕದರಿಂದ ದೊಡ್ಡದನ್ನು ಕಳೆಯಲಾಗದು’ ಎಂದು ಹೇಳಿಕೊಟ್ಟಿದ್ದೆವು. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬಿಬ್ಬರು 1978ರಲ್ಲಿ ಕಳೆಯುವ ಲೆಕ್ಕದಲ್ಲಿ ಮಕ್ಕಳು ಮಾಡುವ ಇಂಥ ತಪ್ಪುಗಳನ್ನು ಪಟ್ಟಿ ಮಾಡಿ, ಅವಕ್ಕೆ ಕಂಪ್ಯೂಟರಿನವರ ಮಾತಿನಲ್ಲಿ ‘ಬಗ್’ ಎಂದು ಹೆಸರಿಟ್ಟರು. ತಪ್ಪಿಗೂ ಒಂದು ಕ್ರಮವಿದೆ ಎಂದು ಅವರು ತೋರಿಸಿದ್ದನ್ನು ನಮ್ಮೂರಿನ ಒಬ್ಬ ಒಳ್ಳೆಯ ಪ್ರಾಥಮಿಕ ಶಾಲಾ ಶಿಕ್ಷಕಿ ಪುಸ್ತಕವಿಲ್ಲದೆ ಹೇಳುತ್ತಾಳೆ. ನೀನು ಆ ಇಬ್ಬರನ್ನೂ ಓದಿರಬೇಕು, ಆ ಶಿಕ್ಷಕಿಯ ಪರಿಚಯವೂ ಇರಬೇಕು.

ಹೆಚ್ಚು ಓದಿದವರಿಗೆ ಇದು ತಾನಾಗಿ ಬರುತ್ತದೆ ಎಂದುಕೊಳ್ಳಬೇಡ. ಲಿಪಿಂಗ್ ಮಾ ಎಂಬಾಕೆ ಚೀನಾದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಶಾಂಘೈನಿಂದ ಹಳ್ಳಿಗೆ ಕಳುಹಿಸಲ್ಪಟ್ಟು ಅಲ್ಲೇ ಶಾಲಾ ಶಿಕ್ಷಕಿಯಾದವರು, ಮುಂದೆ ಅಮೆರಿಕಕ್ಕೆ ಹೋಗಿ ಸಂಶೋಧನೆ ಮಾಡಿದವರು. ಅವರ ಪುಸ್ತಕ 1999ರಲ್ಲಿ ಬಂತು. ಅಮೆರಿಕದ 23, ಚೀನಾದ 72 ಪ್ರಾಥಮಿಕ ಶಿಕ್ಷಕರ ಮುಂದೆ ಅದರಲ್ಲಿ ಇಡುವ ಒಂದು ಪ್ರಶ್ನೆ, ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಅದಕ್ಕೊಂದು ಕಥೆಯನ್ನೂ ಕಟ್ಟಿ ಎಂಬುದು. ಚೀನಾದ ಶಿಕ್ಷಕರು ಕಾಲೇಜು ಮೆಟ್ಟಿಲು ಹತ್ತಿದವರಲ್ಲ, ಒಂಬತ್ತನೇ ತರಗತಿಯ ಮೇಲೆ ಎರಡು ಮೂರು ವರ್ಷದ ತರಬೇತಿ ಪಡೆದವರು. ಅವರೆಲ್ಲರ ಉತ್ತರವೂ ಸರಿ ಇತ್ತು. ಪದವಿ ಪಡೆದ ಅಮೆರಿಕದವರಲ್ಲಿ ಅರ್ಧದಷ್ಟು ಜನರ ಉತ್ತರವೂ ಸರಿ ಬರಲಿಲ್ಲ. ಕಥೆ ಕಟ್ಟಲು ಹೋದವರಲ್ಲಿ ಅನೇಕರು ಅರ್ಧದಿಂದ ಭಾಗಿಸುವುದನ್ನು ಇಬ್ಬರಿಗೆ ಹಂಚುವುದು ಎಂದುಕೊಂಡಿದ್ದರು.

ಈ ಪ್ರಶ್ನೆಯನ್ನು ನಿನ್ನ ಬಿ.ಎಡ್. ತರಗತಿಯಲ್ಲಿ ಮೊದಲ ವಾರವೇ ಕೇಳು. ‘ತಲೆಕೆಳಗು ಮಾಡಿ ಗುಣಿಸಬೇಕು’ ಎಂದು ಎಲ್ಲರೂ ಹೇಳುತ್ತಾರೆ, ಉತ್ತರ ಮೂರೂವರೆ ಎಂದೂ ಹೇಳುತ್ತಾರೆ. ಈಗ ಲೆಕ್ಕ ಬಿಟ್ಟು ಹಾಲು ತಾ. ಒಂದೂಮುಕ್ಕಾಲು ಲೀಟರ್ ಹಾಲಿದೆ, ಅರ್ಧ ಲೀಟರಿನ ಪಾತ್ರೆಗೆ ಸುರಿಯುತ್ತಿದ್ದೀಯ. ಮೂರು ಪಾತ್ರೆ ತುಂಬಿತು, ಕಾಲು ಲೀಟರ್ ಉಳಿಯಿತು. ಹಾಗಾದರೆ ಉತ್ತರ ಮೂರೂಕಾಲು ಆಗಬೇಕಲ್ಲ, ಮೂರೂವರೆ ಹೇಗಾಯಿತು? ತರಗತಿ ಗಪ್‌ಚಿಪ್ ಆಗುತ್ತದೆ. ಉಳಿದದ್ದು ಲೀಟರಿನ ಕಾಲು ಭಾಗ, ಆದರೆ ಪಾತ್ರೆಯ ಅರ್ಧ ಭಾಗ, ಮತ್ತು ನಾವು ಎಣಿಸುತ್ತಿದ್ದದ್ದು ಪಾತ್ರೆಗಳನ್ನು. ಇಷ್ಟು ಹೊಳೆಯುವುದಕ್ಕೆ ಇಡೀ ಒಂದು ಪೀರಿಯಡ್ ಹೋದರೂ ಹೋಗಲಿ. ಭಿನ್ನರಾಶಿಯನ್ನು ಮಕ್ಕಳು ಯಾಕೆ ದ್ವೇಷಿಸುತ್ತಾರೆ ಎಂಬುದು ಆ ಪೀರಿಯಡ್‌ನಲ್ಲಿ ನಿನ್ನ ವಿದ್ಯಾರ್ಥಿಗಳಿಗೆ ಅರ್ಥವಾಗುವಷ್ಟು ಒಂದು ಸೆಮಿಸ್ಟರಿನ ಟಿಪ್ಪಣಿಯಿಂದ ಅರ್ಥವಾಗುವುದಿಲ್ಲ.

ನಿನ್ನ ಭೌತವಿಜ್ಞಾನದಲ್ಲಿ ಇದಕ್ಕಿಂತ ಹೆಚ್ಚಿನ ಸರಕಿದೆ. ಬೇಸಿಗೆ ಯಾಕೆ ಬಿಸಿ ಎಂದು ಕೇಳಿದರೆ ಭೂಮಿ ಆಗ ಸೂರ್ಯನಿಗೆ ಹತ್ತಿರ ಬರುತ್ತದೆ ಎಂದು ಬಿ.ಎಸ್ಸಿ. ಆದವರೂ ಹೇಳುತ್ತಾರೆ. 1987ರ ಒಂದು ಸಾಕ್ಷ್ಯಚಿತ್ರದಲ್ಲಿ ಹಾರ್ವರ್ಡಿನಲ್ಲಿ ಪದವಿ ಪಡೆದು ಗೌನು ತೊಟ್ಟು ನಿಂತವರೇ ಹಾಗೆ ಹೇಳಿದ್ದಾರೆ, ನಮ್ಮವರು ಬೇಜಾರು ಮಾಡಿಕೊಳ್ಳಬೇಕಿಲ್ಲ. ಭೂಮಿ ಸೂರ್ಯನಿಗೆ ತೀರ ಹತ್ತಿರವಿರುವುದು ಜನವರಿ ಮೊದಲ ವಾರದಲ್ಲಿ, ನಾವು ಸ್ವೆಟರ್ ಹುಡುಕುವಾಗ. ಇದನ್ನು ಬಾಯಲ್ಲಿ ಹೇಳಬೇಡ, ಅಂಗಳಕ್ಕೆ ಕರೆದುಕೊಂಡು ಹೋಗು. ಬೆಂಗಳೂರಿನ ಅಕ್ಷಾಂಶದಲ್ಲಿ ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ, ನಡು ಮಧ್ಯಾಹ್ನ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಬೇರೆ ಊರಿಗೆ ಬೇರೆ ದಿನ, ಕಲಬುರಗಿಯಲ್ಲಿ ಏಪ್ರಿಲ್ ಬದಲು ಮೇ ತಿಂಗಳಿಗೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ, ಆಗಸ್ಟ್‌ನಲ್ಲಿ ಮೋಡ. ನಿಸರ್ಗಕ್ಕೂ ಶಿಕ್ಷಣ ಇಲಾಖೆಗೂ ಹೊಂದಾಣಿಕೆಯಾಗದೆ ಬಹಳ ಕಾಲವಾಯಿತು. ಆದರೂ ಜೂನ್‌ನಿಂದಲೇ ವಾರಕ್ಕೊಂದು ಸಲ ಕೋಲಿನ ಮಧ್ಯಾಹ್ನದ ನೆರಳು ಅಳೆದು ಬರೆದಿಡುವ ತರಗತಿಗೆ, ಆ ಒಂದು ದಿನ ಮೋಡ ಕವಿದರೂ ನಷ್ಟವಿಲ್ಲ. ನೆರಳು ಮೊದಲು ದಕ್ಷಿಣಕ್ಕೆ ಬಿದ್ದು ಆಮೇಲೆ ಉತ್ತರಕ್ಕೆ ತಿರುಗಿದ್ದನ್ನು ಅವರೇ ನೋಡಿರುತ್ತಾರೆ.

ಈಗ ಶಾಲೆಗೆ ಹೋಗುವ ವಿಚಾರ. 2015ರಿಂದ ಬಿ.ಎಡ್. ಎರಡು ವರ್ಷದ್ದಾಯಿತು, ಅದರಲ್ಲಿ ಕನಿಷ್ಠ 20 ವಾರ ಶಾಲೆಯ ಜೊತೆ ಕಳೆಯಬೇಕು, ಮೊದಲ ವರ್ಷ 4, ಎರಡನೇ ವರ್ಷ 16, ಎಂದು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಹೇಳುತ್ತದೆ. ನಿಯಮ ಚೆನ್ನಾಗಿದೆ. ಆ 16 ವಾರದಲ್ಲಿ ಕಾಲೇಜಿನವರು ಏನು ಮಾಡುತ್ತಾರೆ ನೋಡು. ಮೇಲ್ವಿಚಾರಣೆಗೆ ಹೋದ ಅಧ್ಯಾಪಕರು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಅಲ್ಲಿಂದ ಕಾಣುವುದು ಪ್ರಶಿಕ್ಷಣಾರ್ಥಿಯ ಮುಖ, ಕಪ್ಪುಹಲಗೆ, ಗೋಡೆಗೆ ತೂಗುಹಾಕಿದ ಚಾರ್ಟು. ಹಾಗಾಗಿ ಪಾಠಯೋಜನೆಯ ಪುಸ್ತಕದಲ್ಲಿ ಬರೆಯುವುದೂ ಅದನ್ನೇ: ಧ್ವನಿ ಸ್ಪಷ್ಟವಾಗಿದೆ, ಕಪ್ಪುಹಲಗೆಯ ಬಳಕೆ ಸುಧಾರಿಸಲಿ, ಪುನರ್ಬಲನ ಸಾಲದು. ಸಹಿ, ದಿನಾಂಕ. ಆಮೇಲೆ ಪಕ್ಕದ ಕೊಠಡಿಗೆ.

ನೀನು ಹಿಂದಿನ ಬೆಂಚು ಬಿಟ್ಟು ಈಚೆ ಬಂದು, ಪಕ್ಕದ ಸಾಲಿನಲ್ಲಿ ಒಂದು ಮಗುವಿನ ಜೊತೆ ಕೂರು. ಮಕ್ಕಳ ಬೆನ್ನು ನೋಡಿದವರಿಗೆ ತರಗತಿ ಗೊತ್ತಾಗುವುದಿಲ್ಲ, ಅವರ ಮುಖ ಕಾಣಬೇಕು. ಪ್ರಶಿಕ್ಷಣಾರ್ಥಿ ಮಾತಾಡುತ್ತಿರುವಾಗ ಈ ಮಗುವಿನ ನೋಟ್‌ಬುಕ್ಕಿನಲ್ಲಿ ಏನು ಇಳಿಯುತ್ತಿದೆ ಎಂದು ನೋಡು. ಅವನು ‘ಅರ್ಥವಾಯ್ತಾ ಮಕ್ಕಳೇ?’ ಎಂದಾಗ ಇಡೀ ತರಗತಿ ‘ಆಯ್ತು ಸಾರ್’ ಎಂದು ರಾಗ ಎಳೆಯುತ್ತದೆ, ಆ ರಾಗದಲ್ಲಿ ನಿನ್ನ ಪಕ್ಕದ ಮಗು ಬಾಯಿ ಮಾತ್ರ ಆಡಿಸಿತೇ ಎಂದು ಗಮನಿಸು. ಮಕ್ಕಳು ಆಡಿದ ಮಾತನ್ನು ಆಡಿದ ಹಾಗೇ ಬರೆದುಕೋ. ಪಾಠ ಮುಗಿದ ಮೇಲೆ ಅವನಿಗೆ ಸಲಹೆ ಕೊಡುವ ಮೊದಲು ಆ ಹಾಳೆ ಕೊಡು. ‘ಮೂರನೇ ಸಾಲಿನ ಹುಡುಗಿ, ಬಲ್ಬು ಕರೆಂಟನ್ನು ತಿಂದುಬಿಡುತ್ತೆ, ಅದಕ್ಕೇ ಎರಡನೇ ಬಲ್ಬು ಮಂಕು ಅಂದಳು. ನೀನು ಗುಡ್, ಸಿಟ್ ಡೌನ್ ಅಂದೆ. ಅವಳಿಗೆ ಈಗ ಏನು ಗೊತ್ತಾಗಿರುತ್ತದೆ?’ ಇಷ್ಟು ಕೇಳಿದರೆ ಸಾಕು, ಆ ರಾತ್ರಿ ಅವನು ನಿದ್ದೆ ಮಾಡುವುದಿಲ್ಲ. ಅವನ ಧ್ವನಿ, ಕಪ್ಪುಹಲಗೆ ಎಲ್ಲ ತಾವಾಗಿ ಸರಿಹೋಗುತ್ತವೆ.

ಪಾಠಯೋಜನೆಯ ಚೌಕಟ್ಟಿನ ಬಗ್ಗೆ ಜಗಳಕ್ಕೆ ಇಳಿಯಬೇಡ. ನಾನು ಕಲಿಯುವಾಗ ಹರ್ಬಾರ್ಟನ ಐದು ಸೋಪಾನ ಇತ್ತು, ಆಮೇಲೆ ಬ್ಲೂಮನ ಉದ್ದೇಶಗಳ ಪಟ್ಟಿ ಬಂತು, ಸೂಕ್ಷ್ಮ ಬೋಧನೆ ಬಂತು, ಈಗ ‘ಐದು ಇ’ ಇದೆ, ನಾಳೆ ಇನ್ನೊಂದು ಬರುತ್ತದೆ. ಯಾವುದೂ ಕೆಟ್ಟದ್ದಲ್ಲ. ಆದರೆ ಎಲ್ಲವನ್ನೂ ನಕಲು ಮಾಡಬಹುದು, ಮತ್ತು ಮಾಡುತ್ತಾರೆ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಹಿಂದಿನ ವರ್ಷದವರ ಪಾಠಯೋಜನೆಗಳು ಬೈಂಡ್ ಆಗಿ ಸಿಗುತ್ತವೆ. ನಕಲು ಮಾಡಲಾಗದ ಒಂದೇ ಅಂಕಣವನ್ನು ನೀನು ಸೇರಿಸು: ಈ ಪಾಠಕ್ಕೆ ಮೊದಲು ಈ ತರಗತಿಯ ನಾಲ್ಕು ಮಕ್ಕಳನ್ನು ಮಾತಾಡಿಸಿ, ಅವರು ಈ ವಿಷಯದ ಬಗ್ಗೆ ಏನು ಹೇಳಿದರು ಎಂದು ಬರೆ. ನೆರಳಿನ ಪಾಠವಾದರೆ, ನೆರಳು ರಾತ್ರಿ ಎಲ್ಲಿ ಹೋಗುತ್ತದೆ ಎಂದು ಕೇಳಿ ಬರಲಿ. ಮಕ್ಕಳ ಉತ್ತರ ಅಂಗಡಿಯಲ್ಲಿ ಸಿಗುವುದಿಲ್ಲ.

ನೀನೂ ಪಾಠ ಮಾಡಬೇಕು. ಪ್ರಾತ್ಯಕ್ಷಿಕೆ ಪಾಠ ಎಂದು ವರ್ಷಕ್ಕೊಂದು ಸಲ ಆರಿಸಿದ ಮಕ್ಕಳನ್ನು ಕೂರಿಸಿಕೊಂಡು, ಮೊದಲೇ ಉತ್ತರ ಕಲಿಸಿ ನಡೆಸುವ ನಾಟಕದ ಬಗ್ಗೆ ಹೇಳುತ್ತಿಲ್ಲ. ಒಂದು ಸರ್ಕಾರಿ ಶಾಲೆಯ ಒಂದು ತರಗತಿಗೆ ವಾರಕ್ಕೆ ಒಂದೆರಡು ಪೀರಿಯಡ್, ವರ್ಷವಿಡೀ. ಹಾಜರಿ ಕಡಿಮೆಯಿದ್ದ ದಿನ, ಬಿಸಿಯೂಟದ ಬೆಲ್ಲು ಹೊಡೆಯುವ ಹೊತ್ತು, ಮಳೆಗೆ ಶೀಟಿನ ಮೇಲೆ ಸದ್ದಾಗಿ ಏನೂ ಕೇಳಿಸದ ದಿನ, ಎಲ್ಲವೂ ಸೇರಿ. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ತುಳುವನ್ನೋ ಆಡುವ ಮಗು ಪಠ್ಯಪುಸ್ತಕದ ಕನ್ನಡದ ಮುಂದೆ ಹೇಗೆ ಮೌನವಾಗುತ್ತದೆ ಎಂದು ವಾರವಾರ ನೋಡಿದವಳಿಗೆ ‘ಬಹುಭಾಷಾ ತರಗತಿ’ ಎಂಬ ಅಧ್ಯಾಯ ಕಲಿಸಲು ಪುಸ್ತಕ ಬೇಕಾಗುವುದಿಲ್ಲ. ನಿನ್ನ ಪ್ರಶಿಕ್ಷಣಾರ್ಥಿಗಳೂ ಬಂದು ನೋಡಲಿ. ಪಾಠ ಕೆಟ್ಟರೆ ಯಾಕೆ ಕೆಟ್ಟಿತು ಎಂದು ಅವರೆದುರೇ ಬಿಡಿಸು. ಅವರಿಗೆ ಒಳ್ಳೆಯ ಪಾಠ ನೋಡಿದ್ದಕ್ಕಿಂತ, ಕೆಟ್ಟ ಪಾಠವನ್ನು ದುರಸ್ತಿ ಮಾಡುವುದನ್ನು ನೋಡಿದ್ದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇದು ನನ್ನ ಹೊಸ ಕಲ್ಪನೆಯೇನಲ್ಲ. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಶಿಕ್ಷಕ ಶಿಕ್ಷಣದ ರೋಗವನ್ನು ಒಂಟಿತನ ಎಂದು ಗುರುತಿಸಿತ್ತು. ತರಬೇತಿ ಕಾಲೇಜುಗಳು ವಿಶ್ವವಿದ್ಯಾಲಯದಿಂದ ದೂರ, ಶಾಲೆಗಳಿಂದ ದೂರ, ಒಂದರಿಂದ ಇನ್ನೊಂದೂ ದೂರ ಎಂದಿತು. ಅದಕ್ಕೂ ಮೊದಲು, 1963ರಲ್ಲಿ, ಅಜ್ಮೇರ್, ಭೋಪಾಲ್, ಭುವನೇಶ್ವರ, ಮೈಸೂರುಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಶುರುವಾದಾಗ ಆವರಣದೊಳಗೇ ಒಂದು ಪ್ರಾತ್ಯಕ್ಷಿಕ ಶಾಲೆ ಕಟ್ಟಿದ್ದು, ವಿಜ್ಞಾನದ ಪದವಿಯನ್ನೂ ಶಿಕ್ಷಕ ತರಬೇತಿಯನ್ನೂ ನಾಲ್ಕು ವರ್ಷದ ಒಂದೇ ಕೋರ್ಸಿನಲ್ಲಿ ಬೆಸೆದದ್ದು ಈ ದೂರವನ್ನು ಅಳಿಸುವುದಕ್ಕೇ. ಮೈಸೂರಿನ ಮಾನಸಗಂಗೋತ್ರಿಯ ಪಕ್ಕದಲ್ಲಿ ಆ ಸಂಸ್ಥೆ ಇವತ್ತೂ ಇದೆ. 2020ರ ಶಿಕ್ಷಣ ನೀತಿ ನಾಲ್ಕು ವರ್ಷದ ಸಮಗ್ರ ಬಿ.ಎಡ್. ಎಂದಾಗ ಹೊಸದು ಬಂತೆಂದು ಗಾಬರಿಯಾದವರಿಗೆ ನಾನು ಮೈಸೂರಿನ ಬಸ್ ನಂಬರ್ ಹೇಳುತ್ತಿದ್ದೆ.

ಆದರೆ ನಾನು ನಿನಗೆ ತೋರಿಸಬೇಕೆಂದಿರುವುದು ಮಧ್ಯಪ್ರದೇಶದ ಹೋಶಂಗಾಬಾದ್, ಈಗಿನ ನರ್ಮದಾಪುರಂ. 1972ರಲ್ಲಿ ಅಲ್ಲಿನ 16 ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನವನ್ನು ಪ್ರಯೋಗದ ಮೂಲಕವೇ ಕಲಿಸುವ ಕೆಲಸ ಆರಂಭವಾಯಿತು. ಹಿಂದೆ ನಿಂತದ್ದು ಎರಡು ಸಂಸ್ಥೆಗಳು, ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್. ಕಿಶೋರ್ ಭಾರತಿ ಕಟ್ಟಿದ ಅನಿಲ್ ಸದ್ಗೋಪಾಲ್ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬಿಟ್ಟು ಬಂದ ಜೀವವಿಜ್ಞಾನಿ. ಅದೇ ಟಾಟಾ ಸಂಸ್ಥೆಯ ವಿಜ್ಞಾನಿಗಳು, ದೆಹಲಿ ವಿಶ್ವವಿದ್ಯಾಲಯದ ಕಾಲೇಜು ಅಧ್ಯಾಪಕರು ರೈಲು ಹತ್ತಿ ಬಂದು ಹಳ್ಳಿಯ ಆರು, ಏಳು, ಎಂಟನೇ ತರಗತಿಯ ಪಾಠಗಳ ಮೇಲೆ ಕೂತರು. ಕಿಟ್ ತಯಾರಾಯಿತು, ‘ಬಾಲ್ ವೈಜ್ಞಾನಿಕ್’ ಎಂಬ ಪುಸ್ತಕ ತಯಾರಾಯಿತು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಬರೆಯಬಹುದಿತ್ತು, ಏಕೆಂದರೆ ಪ್ರಶ್ನೆಗಳಿಗೆ ಉತ್ತರ ಪುಸ್ತಕದಲ್ಲಿ ಇರುತ್ತಿರಲಿಲ್ಲ. ಮಕ್ಕಳು ಪ್ರಶ್ನೆ ಬರೆದು ಕಳಿಸಲು ‘ಸವಾಲೀರಾಮ್’ ಎಂಬ ಕಲ್ಪನೆಯ ಮನುಷ್ಯನೊಬ್ಬನಿದ್ದ. 1978ರಲ್ಲಿ ಇಡೀ ಜಿಲ್ಲೆಗೆ ಹಬ್ಬಿತು, 1982ರಲ್ಲಿ ಅದನ್ನು ಮುಂದುವರಿಸಲು ಏಕಲವ್ಯ ಸಂಸ್ಥೆ ಹುಟ್ಟಿತು. 2002ರಲ್ಲಿ ಸರ್ಕಾರ ನಿಲ್ಲಿಸಿತು.

ನಿಂತದ್ದನ್ನೇ ಹಿಡಿದು ‘ಸೋತಿತು’ ಅನ್ನುವವರಿದ್ದಾರೆ. ಮೂವತ್ತು ವರ್ಷ ನಡೆದ ಕೆಲಸವನ್ನು ಒಂದು ಆದೇಶದಿಂದ ಅಳೆಯುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ನಿನಗೆ ಬೇಕಾದದ್ದು ಬೇರೆಯೇ ಇದೆ. ಪ್ರೊಫೆಸರು ಬಂದು ಭಾಷಣ ಮಾಡಿ ಹೋಗುವ ಏರ್ಪಾಡು ಅದಾಗಿರಲಿಲ್ಲ. ಶಿಕ್ಷಕರ ತರಬೇತಿಯಲ್ಲಿ ಅವರೂ ಶಿಕ್ಷಕರ ಜೊತೆ ನೆಲದ ಮೇಲೆ ಕೂತು ಹೂವು ಬಿಡಿಸಿ ಕೇಸರ ಎಣಿಸಬೇಕಿತ್ತು. ತಿಂಗಳಿಗೊಮ್ಮೆ ಶಿಕ್ಷಕರ ಗೋಷ್ಠಿ ಸೇರಿ ಯಾವ ಪ್ರಯೋಗ ಕೈಕೊಟ್ಟಿತು ಎಂದು ಹೇಳುತ್ತಿದ್ದರು, ಆ ದೂರುಗಳಿಂದಲೇ ಪಾಠ ಬದಲಾಗುತ್ತಿತ್ತು. ವಿಷಯ ಬಲ್ಲ ಕಾಲೇಜಿನವರು, ಮಕ್ಕಳನ್ನು ಬಲ್ಲ ಶಾಲೆಯವರು, ಇಬ್ಬರೂ ಒಂದೇ ಮೇಜಿಗೆ ಬಂದಾಗ ಮಾತ್ರ ಶುಲ್ಮನ್ ಹೇಳಿದ ಆ ನಡುವಿನ ತಿಳಿವಳಿಕೆ ಹುಟ್ಟುತ್ತದೆ. ನಿನ್ನ ಕಾಲೇಜಿನ ಆವರಣದಲ್ಲೇ ಪದವಿ ಕಾಲೇಜಿನ ಭೌತವಿಜ್ಞಾನ ವಿಭಾಗ ಇದ್ದರೆ ಅಲ್ಲಿಗೆ ಚಹಾ ಕುಡಿಯಲು ಹೋಗುವ ಅಭ್ಯಾಸ ಮಾಡಿಕೋ. ‘ಗಾಳಿಗೆ ಇಷ್ಟೊಂದು ಒತ್ತಡ ಇದ್ದರೆ ನಾವು ಯಾಕೆ ಅಪ್ಪಚ್ಚಿಯಾಗುವುದಿಲ್ಲ ಎಂದು ಎಂಟನೇ ತರಗತಿಯ ಹುಡುಗ ಕೇಳಿದ, ಅವನಿಗೆ ಹೇಗೆ ಹೇಳೋಣ?’ ಎಂದು ಅವರ ಮುಂದಿಡು. ಸಮೀಕರಣವಿಲ್ಲದೆ ಹೇಳಬೇಕು ಎಂಬ ಷರತ್ತೂ ಹಾಕು. ಒಬ್ಬಿಬ್ಬರಾದರೂ ಸಿಕ್ಕಿಬೀಳುತ್ತಾರೆ.

ಇನ್ನೊಂದು ತುದಿಯ ಕಥೆ ನಮ್ಮ ಎಚ್.ಡಿ. ಕೋಟೆಯದು. 1995ರಲ್ಲಿ ಅಲ್ಲಿನ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ, ತಾವೇ ಕೂತು ಕಾರ್ಡು ಬರೆದು, ಹಾಡು ಕಟ್ಟಿ, ಕಲಿಕೆಯ ಏಣಿ ಜೋಡಿಸಿ ನಲಿ-ಕಲಿ ಮಾಡಿದರು. ಅದು ರಾಜ್ಯಕ್ಕೆಲ್ಲ ಹಬ್ಬಿದ್ದು ನಿನಗೆ ಗೊತ್ತೇ ಇದೆ, ನೀನೂ ಅದೇ ಕಾರ್ಡುಗಳ ಸುತ್ತ ಕೂತವಳಿರಬಹುದು. ಹಬ್ಬಿದ ಮೇಲೆ ಆ ಕಾರ್ಡುಗಳು ಮೇಲಿಂದ ಬರುವ ಇನ್ನೊಂದು ಪಠ್ಯವಾದವು, ಮೊದಲಿನ ಹುರುಪು ಎಲ್ಲ ಕಡೆ ಹೋಗಲಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಅದಿರಲಿ. ಶಾಲೆಯ ಶಿಕ್ಷಕರನ್ನು ಖಾಲಿ ಪಾತ್ರೆ ಎಂದುಕೊಂಡು ತುಂಬಲು ಹೋಗುವ ‘ಸಂಪನ್ಮೂಲ ವ್ಯಕ್ತಿ’ ನೀನಾಗಬೇಡ. ಆ ಜಾತಿಯ ಜನರನ್ನು ಕಂಡು ಶಿಕ್ಷಕರಿಗೆ ಸಾಕಾಗಿದೆ. ಸ್ಲೈಡ್ ಓದುತ್ತಾರೆ, ಗ್ರೂಪ್ ಫೋಟೋ ತೆಗೆಸುತ್ತಾರೆ, ಭತ್ಯೆಯ ಹಾಳೆಗೆ ಸಹಿ ಹಾಕುತ್ತಾರೆ. ಕ್ಲಸ್ಟರ್ ಸಭೆಗೆ ನಿನ್ನನ್ನು ಕರೆದರೆ ಮೊದಲ ಅರ್ಧ ದಿನ ಬಾಯಿ ಮುಚ್ಚಿಕೊಂಡು, ಯಾರ ಶಾಲೆಯಲ್ಲಿ ಯಾವ ಪಾಠ ಯಾಕೆ ನಿಂತಿದೆ ಎಂದು ಕೇಳಿಸಿಕೋ.

ಸಂಶೋಧನೆಯ ಮಾತು. ನಮ್ಮ ವಿಭಾಗಗಳ ಕಪಾಟಿನಲ್ಲಿ ‘ಇಂಥ ಜಿಲ್ಲೆಯ ಪ್ರೌಢಶಾಲಾ ಶಿಕ್ಷಕರ ಮನೋಭಾವ’ ಎಂಬ ಪ್ರಬಂಧಗಳು ಸಾಲುಗಟ್ಟಿ ನಿಂತಿವೆ. ಪ್ರಶ್ನಾವಳಿ ಹಂಚಿ, ಟಿಕ್ ಹಾಕಿಸಿ, ಟಿ-ಪರೀಕ್ಷೆ ಮಾಡಿ ಗಂಡಸರಿಗೂ ಹೆಂಗಸರಿಗೂ ಸಾರ್ಥಕ ವ್ಯತ್ಯಾಸವಿಲ್ಲ ಎಂದು ಮುಗಿಸಿದವು. ಬಡ್ತಿಗೆ ಅದು ಬೇಕಾದರೆ ಮಾಡಿ ಮುಗಿಸು, ಬೈಯುವುದಿಲ್ಲ. ಅದರ ಪಕ್ಕದಲ್ಲೇ ನಿನ್ನದೊಂದು ಹಳೇ ಟ್ರಂಕು ಇಟ್ಟುಕೊಂಡು ಮಕ್ಕಳ ಬರವಣಿಗೆ ತುಂಬಿಸು. ತಪ್ಪು ಲೆಕ್ಕಗಳು, ವಿಚಿತ್ರ ಚಿತ್ರಗಳು, ಬೆವರು ಯಾಕೆ ಬರುತ್ತದೆ ಎಂಬುದಕ್ಕೆ ಬರೆದ ಉತ್ತರಗಳು. ಒಂದೇ ಪರಿಕಲ್ಪನೆ ಹಿಡಿ, ಒಂದೇ ತರಗತಿ, ಒಂದು ವರ್ಷ. ಬರೆಯುವಾಗ ಕನ್ನಡದಲ್ಲೂ ಬರೆ. ಮೈಸೂರಿನಲ್ಲಿ ರಸಾಯನವಿಜ್ಞಾನ ಕಲಿಸಿದ ಜೆ.ಆರ್. ಲಕ್ಷ್ಮಣರಾವ್, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಬಿ.ಜಿ.ಎಲ್. ಸ್ವಾಮಿ ಇಬ್ಬರೂ ಕಾಲೇಜು ಮೇಷ್ಟರೇ. ಒಬ್ಬರು ಶಾಲಾ ಮಕ್ಕಳಿಗೆ ತಲುಪುವ ವಿಜ್ಞಾನ ಸಾಹಿತ್ಯಕ್ಕೆ ಆಯುಷ್ಯವನ್ನೇ ಕೊಟ್ಟರು. ಇನ್ನೊಬ್ಬರು ವಿದ್ಯಾರ್ಥಿಗಳ ಜೊತೆ ಕಾಡು ಸುತ್ತಿದ್ದನ್ನೇ ‘ಹಸುರು ಹೊನ್ನು’ ಮಾಡಿ 1978ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಶಾಲಾ ಶಿಕ್ಷಕಿ ಬಸ್ಸಿನಲ್ಲಿ ಓದುವಂಥ ನಾಲ್ಕು ಪುಟ ಬರೆಯುವುದು ಸ್ಕೋಪಸ್ ಲೇಖನಕ್ಕಿಂತ ಕಷ್ಟ. ಪ್ರಯತ್ನಿಸಿದರೆ ಗೊತ್ತಾಗುತ್ತದೆ.

ಅಹಿತವಾದ ಒಂದನ್ನೂ ಹೇಳಿಬಿಡುತ್ತೇನೆ. 2012ರಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ, ವೃತ್ತಿಪೂರ್ವ ಶಿಕ್ಷಕ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 90ರಷ್ಟು ಖಾಸಗಿಯವರ ಕೈಯಲ್ಲಿವೆ ಎಂದು ಹೇಳಿ ಗುಣಮಟ್ಟದ ಬಗ್ಗೆ ಕಠಿಣವಾಗಿಯೇ ಬರೆಯಿತು. ಒಳ್ಳೆಯ ಖಾಸಗಿ ಕಾಲೇಜುಗಳನ್ನು ನಾನು ಬಲ್ಲೆ. ಶುಲ್ಕ ಕಟ್ಟಿದವರು ಪರೀಕ್ಷೆಗೆ ಮಾತ್ರ ಮುಖ ತೋರಿಸುವ, ಹಾಜರಿ ಪುಸ್ತಕ ಮಾತ್ರ ತುಂಬಿರುವ ಕಾಲೇಜನ್ನೂ ಒಳಗಿನಿಂದ ನೋಡಿದ್ದೇನೆ. ಅಂಥ ಕಡೆ ಬೋಧನಾಭ್ಯಾಸದ ದಾಖಲೆಗಳು ಒಂದೇ ರಾತ್ರಿಯಲ್ಲಿ ಹುಟ್ಟುತ್ತವೆ, ಮರುದಿನ ಬೆಳಿಗ್ಗೆ ಅಧ್ಯಾಪಕರ ಮೇಜಿಗೆ ಸಹಿಗೆ ಬರುತ್ತವೆ. ನೀನು ನೋಡದ ಪಾಠಕ್ಕೆ ಸಹಿ ಹಾಕಬೇಡ. ಭಾಷಣ ಬೇಡ, ದೂರು ಪತ್ರವೂ ಮೊದಲೇ ಬೇಡ. ‘ನಾನು ನೋಡಿಲ್ಲ, ನೋಡಿ ಹಾಕ್ತೀನಿ, ಯಾವ ಶಾಲೆಗೆ ಬರಲಿ?’ ಎಂದು ಕೇಳು. ಮೊದಲ ವರ್ಷವೇ ಹೀಗೆಂದು ಗೊತ್ತಾದರೆ ಎರಡನೇ ವರ್ಷ ನಿನ್ನ ಮೇಜಿಗೆ ಅವು ಬರುವುದು ಕಡಿಮೆಯಾಗುತ್ತದೆ. ಕೆಲವರು ನಿನ್ನನ್ನು ‘ಸ್ಟ್ರಿಕ್ಟು’ ಅನ್ನುತ್ತಾರೆ. ಆ ಹೆಸರಿನಿಂದ ಅನುಕೂಲವೂ ಇದೆ, ಕಲಿಯಬೇಕೆಂದು ಬಂದ ಹತ್ತು ಹದಿನೈದು ಜನ ನಿನ್ನನ್ನು ಹುಡುಕಿಕೊಂಡು ಬರುತ್ತಾರೆ. ಕೆಲಸ ಕಳೆದುಕೊಳ್ಳುವ ಭಯ ನಿಜವಾದದ್ದು, ಅದನ್ನು ನಾನು ಹಗುರ ಮಾಡುವುದಿಲ್ಲ. ಆದ್ದರಿಂದಲೇ ಈ ನಡೆಯನ್ನು ಮೊದಲ ದಿನದಿಂದ ಹಿಡಿ, ನಡುವೆ ಹಿಡಿದರೆ ಜಗಳದ ಹಾಗೆ ಕಾಣುತ್ತದೆ.

ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೆಯಲ್ಲ. ಶಾಲೆ ತೆರೆದ ಮೊದಲ ವಾರ ಹೋಗಬೇಡ, ದಾಖಲಾತಿ ಗಲಾಟೆ, ಪುಸ್ತಕ ಹಂಚುವ ಕೆಲಸ, ಮುಖ್ಯೋಪಾಧ್ಯಾಯರಿಗೆ ತಲೆ ಕೆರೆದುಕೊಳ್ಳಲು ಬಿಡುವಿರುವುದಿಲ್ಲ. ಮೂರನೇ ವಾರ ಹೋಗು. ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರದ ಶಾಲೆ ಆರಿಸು, ದೂರದ್ದಾದರೆ ಆಗಸ್ಟ್ ಹೊತ್ತಿಗೆ ನೀನೇ ನೆಪ ಹುಡುಕುತ್ತೀಯ. ಕಾಲೇಜಿನ ಪತ್ರ, ಬಿಇಒ ಕಚೇರಿಯ ಅನುಮತಿ ಎರಡೂ ಕೈಲಿರಲಿ. ಹತ್ತನೇ ತರಗತಿ ಕೇಳಬೇಡ, ಎಸ್ಸೆಸ್ಸೆಲ್ಸಿ ಫಲಿತಾಂಶದ ಚಿಂತೆಯಲ್ಲಿ ಯಾರೂ ಕೊಡುವುದಿಲ್ಲ, ಕೊಡಲೂಬಾರದು. ಏಳನೆಯದನ್ನು ಕೇಳು. ವಿಜ್ಞಾನದ ಟೀಚರು ‘ಯಾವ ಪಾಠ ತಗೋತೀರಿ?’ ಎಂದರೆ, ‘ನಿಮಗೆ ಯಾವುದು ಮಾಡಲು ಬೇಜಾರೋ ಅದು’ ಅನ್ನು.